ಯಶಿಕಾ ಪಪ್ಪನ ನಂಬರು

ಬ್ಯಾಂಕಿನ ಸಾಲ ವಿಭಾಗದ ರಂಜನ್ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು, "ಆಗಲ್ಲ ಮೇಡಂ" ಎಂದ. ಪೊನ್ನಮ್ಮನ ಕ್ರೆಡಿಟ್ ಸ್ಕೋರ್ ಐನೂರ ನಲವತ್ತೊಂದು. ಮನೆ ಸಾಲಕ್ಕೆ ಏಳುನೂರಾದರೂ ಬೇಕು.

"ನಾನು ಯಾರಿಂದಲೂ ಒಂದು ರೂಪಾಯಿ ಸಾಲ ತಂದೋಳಲ್ಲ ಸರ್."

"ಎಲ್ಲೋ ಹಳೇ ಬಾಕಿ ಇದೆ. ನಿಮ್ಮ ಪೂರ್ತಿ ರಿಪೋರ್ಟ್ ನೀವೇ ತೆಗೆದು ನೋಡಿ. ವರ್ಷಕ್ಕೊಂದು ಸಲ ಫ್ರೀ."

ಪೊನ್ನಮ್ಮ ನಾಗಪುರದ ಹೊರವಲಯದ ಹಿಂಗಣಾದ ಔಷಧ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಮೇಲ್ವಿಚಾರಕಿ. ಗಂಡ ಬೆಳ್ಯಪ್ಪ ಸೇನೆಯಲ್ಲಿ ಹವಾಲ್ದಾರನಾಗಿದ್ದ. ಎರಡು ವರ್ಷದ ಹಿಂದೆ ಕಾಮಠಿಯ ಸೇನಾ ನೆಲೆಯಲ್ಲಿ, ಬೆಳಗಿನ ಪರೇಡ್ ಮುಗಿಸಿ ಬಂದವನು ಬೂಟು ಬಿಚ್ಚುತ್ತಾ ಕುಸಿದು ತೀರಿಕೊಂಡ. ಕ್ವಾರ್ಟರ್ಸಿನಲ್ಲಿ ಇರಲು ಕೊಟ್ಟ ಅವಧಿ ಮೇ ತಿಂಗಳಿಗೆ ಮುಗಿಯುತ್ತಿತ್ತು. ಕೊಡಗಿಗೆ ಹಿಂದಿರುಗುವ ಯೋಚನೆ ಅವಳಿಗಿರಲಿಲ್ಲ. ಕೆಲಸ ಇಲ್ಲಿತ್ತು, ಮಗಳು ಯಶಿಕಾಳ ಕಾಲೇಜು ಇಲ್ಲಿತ್ತು. ಹಿಂಗಣಾ ರಸ್ತೆಯಲ್ಲಿ ಒಂದು ಕೋಣೆಯ ಫ್ಲ್ಯಾಟ್ ನೋಡಿ, ಗಂಡನ ವಿಮೆಯಲ್ಲಿ ಉಳಿದಿದ್ದ ಎರಡು ಲಕ್ಷವನ್ನು ಇಸಾರಾ ಕೊಟ್ಟಿದ್ದಳು. ಮುಂಗಡಕ್ಕೆ ನಾಗಪುರದಲ್ಲಿ ಹಾಗೆನ್ನುತ್ತಾರೆ. ತಿಂಗಳ ಕೊನೆಯೊಳಗೆ ಸಾಲ ಮಂಜೂರಾಗದಿದ್ದರೆ ಇಸಾರಾ ಹೋದಂತೆಯೇ ಎಂದು ಕರಾರಿನಲ್ಲಿತ್ತು. ಅದನ್ನು ಓದಿಯೇ ಸಹಿ ಹಾಕಿದ್ದಳು. ಸಂಬಳ ಬರುವವಳಿಗೆ, ಸಾಲವಿಲ್ಲದವಳಿಗೆ ಬ್ಯಾಂಕು ಇಲ್ಲವೆನ್ನಲು ಕಾರಣವೇನಿದೆ ಎಂಬುದು ಅವಳ ಲೆಕ್ಕವಾಗಿತ್ತು.

ತನ್ನ ಸ್ಕೋರನ್ನು ಅವಳು ಅದುವರೆಗೆ ಒಮ್ಮೆಯೂ ನೋಡಿರಲಿಲ್ಲ. ನೋಡಿದಷ್ಟೂ ಅಂಕ ಇಳಿಯುತ್ತದೆ ಎಂದು ಕ್ವಾರ್ಟರ್ಸಿನ ಹೆಂಗಸರಲ್ಲಿ ಯಾರೋ ಹೇಳಿದ್ದರು.

"ಅದು ಬ್ಯಾಂಕಿನವ್ರು ಪದೇಪದೇ ನೋಡಿದ್ರೆ ಮಮ್ಮಿ. ನಮ್ದು ನಾವು ನೋಡ್ಕೊಂಡ್ರೆ ಕುಛ್ ನಹೀ ಹೋತಾ," ಎಂದಳು ಯಶಿಕಾ, ಫೋನಿನಲ್ಲಿ ಸ್ಕೋರ್ ಸಂಸ್ಥೆಯ ಪುಟ ತೆರೆಯುತ್ತಾ. ಪ್ಯಾನ್ ನಂಬರ್ ಕೇಳಿತು, ಕೊಟ್ಟರು. ಹುಟ್ಟಿದ ತಾರೀಖು ಕೇಳಿತು, ಕೊಟ್ಟರು. ನಿಮ್ಮ ಮೊಬೈಲಿಗೆ ಒಟಿಪಿ ಕಳಿಸಿದ್ದೇವೆ ಎಂದಿತು. ಪೊನ್ನಮ್ಮನ ಮೊಬೈಲಿಗೆ ಏನೂ ಬರಲಿಲ್ಲ. ಪರದೆಯ ಮೇಲೆ ಆರು ಚುಕ್ಕಿ, ಕೊನೆಯಲ್ಲಿ ನಾಲ್ಕು ಅಂಕಿ ಇದ್ದವು. ಅವನ್ನು ಮೊದಲು ಗುರುತಿಸಿದವಳು ಮಗಳು.

"ಪಪ್ಪನ ನಂಬರು."

ಆ ಮನೆಯಲ್ಲಿ ಯಾರು ನಂಬರ್ ಕೇಳಿದರೂ ಬೆಳ್ಯಪ್ಪನದನ್ನೇ ಕೊಡುವುದು ರೂಢಿ. ಗ್ಯಾಸಿನವನಿಗೆ, ಶಾಲೆಗೆ, ಅಂಗಡಿಗೆ, ಎಲ್ಲಕ್ಕೂ ಅದೇ. ಅವನು ಹೋದ ಮೇಲೆ ಪೊನ್ನಮ್ಮ ಆ ಸಿಮ್ಮಿಗೆ ರೀಚಾರ್ಜ್ ಹಾಕಿಸಲಿಲ್ಲ. ಹಾಕಿಸಿದರೆ ಅದು ರಿಂಗಾಗುತ್ತದೆ, ರಿಂಗಾದರೆ ಉತ್ತರಿಸಬೇಕು. ತಿಂಗಳುಗಟ್ಟಲೆ ಬಳಸದ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಡುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ.

ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿದಳು. ನಂಬರ್ ಬದಲಿಸಲು ದಾಖಲೆ ಕಳಿಸಿ, ಪರಿಶೀಲನೆಗೆ ಕೆಲವು ವಾರ ಹಿಡಿಯುತ್ತದೆ ಎಂದರು. ತಿಂಗಳು ಮುಗಿಯಲು ಉಳಿದಿದ್ದುದು ಒಂದು ವಾರ.

ಮರುದಿನ ಭಾನುವಾರ. ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ 'ಯಶಿಕಾ ಪಪ್ಪ' ಎಂದಿದ್ದ ಹೆಸರನ್ನು ಒತ್ತಿದಳು. ಎರಡು ವರ್ಷದಲ್ಲಿ ಮೊದಲ ಸಲ. ಆ ಕಡೆ ರಿಂಗಾಯಿತು.

"ಹಲೋ, ಕೋಣ್?" ಯಾರೆಂದು ಮರಾಠಿಯಲ್ಲಿ ಕೇಳಿದ ಗಂಡಸಿನ ಧ್ವನಿ. ಹಿಂದೆ ಯಂತ್ರವೊಂದು ಗರಗರ ಸುತ್ತುತ್ತಿತ್ತು.

ತಯಾರಿಟ್ಟುಕೊಂಡಿದ್ದ ಹಿಂದಿಯಲ್ಲಿ ಹೇಳಿದಳು: ನಿಮ್ಮ ಫೋನಿಗೆ ಒಂದು ಸಂಖ್ಯೆ ಬರುತ್ತದೆ, ದಯವಿಟ್ಟು ನನಗೆ ಹೇಳಿ. ಹೇಳುತ್ತಿದ್ದಂತೆಯೇ, ಮೋಸಗಾರರು ಆಡುವುದೂ ಇದೇ ಮಾತು ಎಂದು ಅವಳಿಗೆ ಹೊಳೆಯಿತು. ಆತನಿಗೂ ಹೊಳೆಯಿತು. ಮರಾಠಿಯಲ್ಲಿ ಅವಳ ಕುಲವನ್ನೆಲ್ಲ ಉಗಿದು ಫೋನಿಟ್ಟ. ಎರಡನೇ ಸಲ ಪೊಲೀಸರಿಗೆ ಹೇಳುತ್ತೇನೆಂದ. ಮೂರನೇ ಸಲ ಅವಳಿಗೆ ಹಿಂದಿಯೇ ಬಾಯಿಗೆ ಬರಲಿಲ್ಲ.

"ಅಣ್ಣಾ, ಇಡಬೇಡಿ, ನಾನು ಮೋಸ ಮಾಡೋಳಲ್ಲ. ಇದು ನಮ್ಮ ಯಜಮಾನರ ನಂಬರು."

ಯಂತ್ರದ ಸದ್ದು ನಿಂತಿತು.

"ಕನ್ನಡದಾಕಿ ಏನವಾ ನೀ? ಯಾರು? ಹೆಸರೇನು?"

"ಪೊನ್ನಮ್ಮ."

ಆತ ಯಾರನ್ನೋ ಕೂಗಿ ಕರೆದ.

"ಏ ಗೌರಮ್ಮಾ! ಜಲ್ದಿ ಬಾ ಇಲ್ಲಿ! ಸಿಕ್ಕಳು ನೋಡು ನಿನ್ನ ಸವತಿ!"

ಆತ ಸೊಲ್ಲಾಪುರದ ಸಿದ್ದಲಿಂಗಯ್ಯ. ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಹೊಸ ಸಿಮ್ ತಂದ ವಾರದಿಂದಲೇ ಅವನಿಗೆ ಫೋನುಗಳು ಶುರುವಾಗಿದ್ದವು.

"ರಿಕವರಿಯವ್ರವಾ, ಸಾಲ ವಸೂಲಿ ಮಾಡಾವ್ರು! ಪೊನ್ನಮ್ಮನ್ನ ಕರಿ, ಪೊನ್ನಮ್ಮನ್ನ ಕರಿ. ಅಂಥಾಕಿ ಇಲ್ಲಿ ಯಾರೂ ಇಲ್ಲೋ ಅಂದ್ರ, ಎಲ್ಲಿ ಬಚ್ಚಿಟ್ಟೀಯೋ ಮಗನ ಅಂತಾರ. ಇಲ್ಲಿ ನಮ್ಮಾಕಿ, ಯಾರಾಕಿ ಪೊನ್ನಮ್ಮ ಅಂತ ನನ್ನ ಜೀವಾ ತಿಂದಾಳ. ನಿನ್ನ ಗಂಡಗ ಕೊಡವಾ ಫೋನು, ಎರಡು ಮಾತು ಬೈತೀನಿ."

"ಅವರಿಲ್ಲ ಅಣ್ಣ."

"ಬಂದ ಮ್ಯಾಲ ಹಚ್ಚು."

"ತೀರಿಕೊಂಡ್ರು."

ಈಗ ಫೋನು ಹೆಂಡತಿಯ ಕೈಗೆ ಹೋಗಿತ್ತು. "ಹಿಂಗ ಬಾಯಿ ಹರೀಬಿಡ್ತಾನವಾ ಇಂವ, ಮನಸ್ಸಿಗೆ ಹಚ್ಕೋಬ್ಯಾಡ," ಎಂದಳು ಗೌರಮ್ಮ. "ಖರೇ ಹೇಳು, ಎಷ್ಟು ಮಂದಿ ಮಕ್ಕಳು ನಿನಗ?"

"ಒಬ್ಬಳು ಮಗಳು."

ಇಷ್ಟಾದರೂ ಒಟಿಪಿ ಹೇಳಲು ಗೌರಮ್ಮ ಸುಲಭಕ್ಕೆ ಒಪ್ಪಲಿಲ್ಲ. ಬ್ಯಾಂಕಿನವರು ಕೇಳಿದರೂ ಕೊಡಬಾರದೆಂದು ಅವಳೂ ಕೇಳಿದ್ದಳು. "ಬಂದದ್ದನ್ನ ಪೂರ್ತಿ ಓದಿಸಿ ಅಕ್ಕ, ಯಾರ ಹೆಸರಿಗಿದೆ ನೋಡಿ," ಎಂದಳು ಪೊನ್ನಮ್ಮ. ಸಿದ್ದಲಿಂಗಯ್ಯ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಸಂದೇಶ ಪೊನ್ನಮ್ಮನ ಹೆಸರಿನಿಂದಲೇ ಶುರುವಾಗುತ್ತಿತ್ತು. ಅಂಕಿಗಳನ್ನು ಒಂದೊಂದಾಗಿ ಹೇಳಿದ. ಪೊನ್ನಮ್ಮ ಅವನ್ನು ಕೂಗಿ ಹೇಳಿದಂತೆ, ಅಡುಗೆಮನೆಯ ಬಾಗಿಲಾಚೆ ಕೂತಿದ್ದ ಯಶಿಕಾ ತನ್ನ ಫೋನಿನಲ್ಲಿ ಒತ್ತಿದಳು.

ರಿಪೋರ್ಟಿನಲ್ಲಿದ್ದುದು ಒಂದೇ ಸಾಲ, ಬಟ್ಟೆ ಒಗೆಯುವ ಯಂತ್ರದ್ದು. ಪುಣೆಯಲ್ಲಿದ್ದಾಗ ಕೊಂಡದ್ದು. ಬೆಳ್ಯಪ್ಪ ಗಡಿಯಲ್ಲಿದ್ದುದರಿಂದ ಅಂಗಡಿಯವರು ಕಂತಿನ ಕಾಗದ ಪೊನ್ನಮ್ಮನ ಹೆಸರಿಗೆ ಮಾಡಿ, ನಂಬರು ಅವನದು ಬರೆದುಕೊಂಡಿದ್ದರು. ಅದನ್ನು ಅವಳು ಸಾಲವೆಂದು ಎಣಿಸಿಯೇ ಇರಲಿಲ್ಲ. ಕಂತು ಇಬ್ಬರ ಜಂಟಿ ಖಾತೆಯಿಂದ ತಾನಾಗಿ ಕಡಿತವಾಗುತ್ತಿತ್ತು. ಗಂಡ ಸತ್ತ ಮೇಲೆ, ಪಿಂಚಣಿಗೆ ಬೇರೆ ಖಾತೆ ತೆರೆದು, ಅವಳೇ ಆ ಜಂಟಿ ಖಾತೆಯನ್ನು ಮುಚ್ಚಿಸಿದ್ದಳು. ಉಳಿದಿದ್ದುದು ಕೊನೆಯ ನಾಲ್ಕು ಕಂತು. ದಂಡ ಸೇರಿ ಹನ್ನೊಂದು ಸಾವಿರವಾಗಿತ್ತು. ಯಂತ್ರ ಹಿತ್ತಿಲಲ್ಲಿ ಈಗಲೂ ಓಡುತ್ತಿತ್ತು.

ಸೋಮವಾರ ರಜೆ ಹಾಕಿ, ಸಾಲ ಕೊಟ್ಟ ಕಂಪನಿಯ ಕಚೇರಿಗೆ ಹೋಗಿ ಅಷ್ಟನ್ನೂ ಕಟ್ಟಿದಳು. ಬಾಕಿ ಇಲ್ಲವೆಂಬ ಪತ್ರ ಕೈಗೆ ಬರಲು ಬುಧವಾರವಾಯಿತು. ರಂಜನ್ ಅದನ್ನು ಓದಿ ನಿಟ್ಟುಸಿರುಬಿಟ್ಟ.

"ಪತ್ರ ಬರೋಬರ್ ಇದೆ ಮೇಡಂ. ಆದ್ರೆ ಸಿಸ್ಟಂ ಪತ್ರ ಓದಲ್ಲ, ನಂಬರ್ ಓದತ್ತೆ. ಆ ಸಾಲದ ಕಂಪನಿಯವರು ಅಪ್ಡೇಟ್ ಮಾಡ್ಬೇಕು, ಆಮೇಲೆ ಸ್ಕೋರ್ ನಿಧಾನಕ್ಕೆ ಏರ್ಬೇಕು."

"ಶುಕ್ರವಾರ ತಿಂಗಳ ಕೊನೆ ಸರ್. ಅಷ್ಟರೊಳಗೆ ಏರಲ್ವಾ?"

ಅವನು ಪತ್ರವನ್ನು ಮಡಿಸಿ ಅವಳ ಕಡೆಗೆ ಸರಿಸಿದ.

ಅಲ್ಲಿಂದ ನೇರ ಬಜಾಜ್ ನಗರಕ್ಕೆ ಹೋದಳು. ಫ್ಲ್ಯಾಟಿನ ಒಡತಿ ಕಾಶಿಬಾಯಿ ಅಲ್ಲಿ ಮಗನ ಮನೆಯಲ್ಲಿದ್ದಳು. ಒಂದೆರಡು ತಿಂಗಳು ಮಾತ್ರ ತಡೆದುಕೊಳ್ಳಿ ಎಂದು ಪೊನ್ನಮ್ಮ ತನಗೆ ಬರುವ ಮರಾಠಿಯಲ್ಲಿ ಕೇಳಿಕೊಂಡಳು. ಪತ್ರ ತೋರಿಸಿದಳು. ಕೊನೆಗೆ, ಎಂದೂ ಹಾಗೆ ಮಾಡದವಳು, ಬಗ್ಗಿ ಮುದುಕಿಯ ಕಾಲು ಮುಟ್ಟಿದಳು.

"ಏಳು ಪೋರಿ, ಏಳು," ಎಂದಳು ಕಾಶಿಬಾಯಿ. "ನನ್ನ ಕೈಯಲ್ಲಿದ್ದಿದ್ರೆ ಹೂಂ ಅಂತಿದ್ದೆ."

ಮಗ ಒಳಗಿನಿಂದ ಕರಾರು ತಂದ. ಇನ್ನೊಬ್ಬರು ಪೂರ್ತಿ ಹಣ ಹಿಡಿದು ಕಾಯುತ್ತಿದ್ದಾರೆ ಎಂದ. ಏರುದನಿ ಮಾಡಲಿಲ್ಲ. ತಾಯಿ ಬಹಳ ಹೇಳಿದ್ದಕ್ಕೆ, ಇಸಾರಾದಲ್ಲಿ ಅರ್ಧ ಹಿಂದಿರುಗಿಸುವುದಾಗಿ ಒಪ್ಪಿದ. ಫ್ಲ್ಯಾಟ್ ಮುಂದಿನ ವಾರವೇ ಬೇರೆಯವರ ಹೆಸರಿಗಾಯಿತು.

ತಾಯಿ ಮಗಳು ಕಾಮಠಿಯಲ್ಲೇ ಬಾಡಿಗೆಗೆ ಒಂದೂವರೆ ಕೋಣೆ ಹಿಡಿದರು. ಠೇವಣಿಗೆ, ಸಾಮಾನು ಸಾಗಿಸಲಿಕ್ಕೆ, ಕಾಲೇಜಿನ ಫೀಸಿಗೆ ಹಿಂದಿರುಗಿ ಬಂದ ಅರ್ಧವೂ ಕರಗಿತು. ಅಲ್ಲಿಂದ ಕಾರ್ಖಾನೆಯಿರುವ ಹಿಂಗಣಾ ನಾಗಪುರದ ಇನ್ನೊಂದು ತುದಿ. ಎರಡು ಬಸ್ಸು ಬದಲಿಸಬೇಕು. ದಾಖಲೆ ಕಳಿಸಿ ತನ್ನದೇ ನಂಬರು ಸೇರಿಸಿಕೊಂಡ ಪೊನ್ನಮ್ಮ ತಿಂಗಳಿಗೊಮ್ಮೆ ಬಸ್ಸಿನಲ್ಲೇ ಸ್ಕೋರ್ ನೋಡುವುದನ್ನು ರೂಢಿ ಮಾಡಿಕೊಂಡಳು. ಐನೂರ ತೊಂಬತ್ತಾಯಿತು. ಎರಡು ತಿಂಗಳು ಅಲ್ಲೇ ನಿಂತಿತು. ಆರುನೂರ ಅರವತ್ತಾಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ, ಕೆಲಸಕ್ಕೆ ಹೋಗುವ ಬಸ್ಸಿನಲ್ಲಿದ್ದಾಗ, ರಂಜನ್‌ನಿಂದ ಫೋನ್ ಬಂತು. ಅವನ ಧ್ವನಿಯಲ್ಲಿ ನಿಜವಾದ ಸಂತೋಷವಿತ್ತು.

"ಮೇಡಂ, ಏಳುನೂರ ಎರಡು! ಈಗ ಲೋನ್ ಕೊಡಬಹುದು. ಮನೆ ಕಾಗದ ತಗೊಂಡು ಬನ್ನಿ."

"ಯಾವ ಮನೆದು ಸರ್?" ಎಂದು ಕೇಳಿದಳು ಪೊನ್ನಮ್ಮ.

"ಅದು ನೀವು ನೋಡ್ಕೋಬೇಕು. ಇಸಾರಾ ಕೊಟ್ಟು ಕರಾರು ಮಾಡ್ಕೊಂಡ್ರೆ ಸಾಕು, ಉಳಿದಿದ್ದು ನಮ್ಮದು."

ನೋಡುತ್ತೇನೆ ಸರ್, ಎಂದಳು. ಬಸ್ಸಿನಲ್ಲಿ ಜನ ತುಂಬಿದ್ದರು. ಇಸಾರಾಕ್ಕೆ ಇನ್ನು ತನ್ನಲ್ಲಿ ಏನೂ ಉಳಿದಿಲ್ಲವೆಂದು ಅಷ್ಟು ಜನರ ನಡುವೆ ಹೇಳಲು ಅವಳಿಗೆ ಆಗಲಿಲ್ಲ.