ನಮ್ಮತ್ತೆ ನಡೆದ ಸಿನಿಮಾ

ನಾನು ಹುಟ್ಟಿ ಬೆಳೆದದ್ದು ರಾಯದುರ್ಗದಲ್ಲಿ. ನಮ್ಮ ಓಣಿಯಲ್ಲಿ ಮನೆಮನೆಗೂ ಜೀನ್ಸ್ ಪ್ಯಾಂಟ್ ಹೊಲಿಯುವವರಿದ್ದರು. ಮಷಿನ್ನಿನ ಸದ್ದು ನಿಂತರೆ ಕರೆಂಟು ಹೋಯಿತೆಂದು ಅರ್ಥ. ಮದುವೆಯಾಗಿ ರೊಳ್ಳದ ಹತ್ತಿರದ ಹಳ್ಳಿಗೆ ಬಂದಾಗ, ಆ ಸದ್ದಿಲ್ಲದೆ ಎಷ್ಟೋ ದಿನ ನನಗೆ ಕಿವಿ ಮುಚ್ಚಿಹೋದ ಹಾಗಿತ್ತು. ಎರಡೂ ಆಂಧ್ರದ ಊರುಗಳಾದರೂ ಮನೆಮಾತು ಎರಡೂ ಕಡೆ ಕನ್ನಡವೇ. ಆದರೂ ನಾನು ‘ಅತ್ತಿ’ ಎಂದು ಕರೆದರೆ ನಮ್ಮತ್ತೆ, “ಅತ್ತಿ ಅಂದ್ರೆ ಮರ ಕಣಮ್ಮ” ಎನ್ನುತ್ತಿದ್ದರು. ನಾನು ಶೇಂಗಾ ಎಂದರೆ ಅವರು ಕಡ್ಲೆಕಾಯಿ ಎಂದು ತಿದ್ದುತ್ತಿದ್ದರು. ನಾನು ಬಡಿದ ಜೋಳದ ರೊಟ್ಟಿಯನ್ನು ಅವರು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರು ಕಟ್ಟಿದ ಮುದ್ದೆಯನ್ನು ನಾನು ಅಗಿಯುತ್ತಿದ್ದೆ. ಅದನ್ನು ನುಂಗಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಜಗಳವೇನೂ ಆಗುತ್ತಿರಲಿಲ್ಲ. ಇಬ್ಬರ ನಡುವೆ ಆಡುವುದಕ್ಕೆ ಮಾತೇ ಇರಲಿಲ್ಲ.

ಮಾರನೇ ವರ್ಷ ನಾನು ಹಿಂದೂಪುರದ ಕಡೆಯ ಒಂದು ಗಾರ್ಮೆಂಟ್ಸಿಗೆ ಹೋಗತೊಡಗಿದೆ. ಅತ್ತೆ ಬೇಡವೆನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಹೊತ್ತು ಹುಟ್ಟುವ ಮೊದಲೇ ಕಂಪನಿ ಬಸ್ಸು ಬರುತ್ತಿತ್ತು. ದಿನವಿಡೀ ಶರ್ಟಿನ ಕಾಲರ್ ಹೊಲಿದು, ದೀಪ ಹಚ್ಚಿದ ಮೇಲೆ ಮನೆ ಸೇರುತ್ತಿದ್ದೆ. ಆಗ ಟಿವಿಯಲ್ಲಿ ಒಂದು ತೆಲುಗು ಧಾರಾವಾಹಿ ಬರುತ್ತಿತ್ತು. ಅದು ಬರುವ ಹೊತ್ತಿಗೆ ನಮ್ಮ ಬಸ್ಸು ಇನ್ನೂ ದಾರಿಯಲ್ಲೇ ಇರುತ್ತಿದ್ದುದರಿಂದ ಬಸ್ಸಿನ ಹೆಂಗಸರಿಗೆಲ್ಲ ಅದೊಂದು ಕೊರಗು.

ಒಂದು ದಿನ ಉಣ್ಣುತ್ತಾ ಕೂತವಳು, ಸುಮ್ಮನಿರಲಾರದೆ, ಇವತ್ತು ಧಾರಾವಾಹಿಯಲ್ಲಿ ಏನಾಯಿತು ಎಂದು ಅತ್ತೆಯನ್ನು ಕೇಳಿದೆ. ಅವರು ಸಾರಿನ ಸೌಟು ಕೆಳಗಿಟ್ಟು ಹೇಳತೊಡಗಿದರು. ನನ್ನೊಡನೆ ಗಂಟುಮುಖದಲ್ಲಿ ಇರುತ್ತಿದ್ದ ಹೆಂಗಸು ಅವತ್ತು ನಾದಿನಿಯಾಗಿ ಗೊಣಗಿದರು, ಮಾವನಾಗಿ ಕೆಮ್ಮಿದರು, ಸೊಸೆಯಾಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ತಟ್ಟೆಯಲ್ಲಿ ನನ್ನ ಕೈ ಒಣಗಿತ್ತು.

ಮರುದಿನ ಅದನ್ನೇ ಬಸ್ಸಿನಲ್ಲಿ ಹೇಳಿದೆ. ಅಲ್ಲಿಂದ ಅದು ರೂಢಿಯಾಯಿತು. ಹಿಂದಿನ ಸೀಟಿನವರು ಎದ್ದು ಮುಂದೆ ಬಂದು ನಿಲ್ಲುತ್ತಿದ್ದರು. ಡ್ರೈವರು ಟೇಪು ನಿಲ್ಲಿಸುತ್ತಿದ್ದ. ಕೆಲವರು ನಾನು ಹತ್ತುತ್ತಲೇ ಧಾರಾವಾಹಿಯ ಹೆಸರನ್ನೂ ಹೇಳದೆ, ನಿಮ್ಮತ್ತೆ ಏನಂದರು ಎಂದು ಕೇಳುತ್ತಿದ್ದರು. ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆ ನಂಬಲಿಲ್ಲ. ಆದರೆ ಆಮೇಲೆ ಟಿವಿಯ ಹತ್ತಿರ ಇನ್ನಷ್ಟು ಸರಿದು ಕೂರತೊಡಗಿದರು. ಹೆಸರು ಬರುವುದೆಂದರೆ ದೊಡ್ಡ ಊರಿನ ಗೋಡೆಯ ಮೇಲೆ ಚಿತ್ರ ಬರುವುದೆಂದು ನಾನು ತಿಳಿದಿದ್ದೆ. ನಾವಿಲ್ಲದ ಕಡೆಯಲ್ಲಿ ಯಾರೋ ನಮ್ಮ ಮಾತಿಗೆ ಕಾಯುವುದೂ ಹೆಸರೇ ಎಂದು ಆಗ ತಿಳಿಯಿತು.

ಒಂದು ರಜೆಯ ದಿನ ಬಸ್ಸಿನ ಐದಾರು ಹೆಂಗಸರು ಅತ್ತೆಯನ್ನು ನೋಡಲೆಂದೇ ಬಂದರು. ಅತ್ತೆ ಹುರುಳಿಕಾಳಿನ ಬಸ್ಸಾರು ಮಾಡಿ ಮುದ್ದೆ ಬಡಿಸಿದರು. ಧಾರಾವಾಹಿ ಕೊನೆಗೆ ಏನಾಗಬಹುದೆಂದು ಒಬ್ಬಳು ಕೇಳಿದಳು.

“ಆ ಮನೇಲಿ ಒಬ್ರಾದ್ರೂ ಉಂಡಿದ್ದು ನೋಡಿದೀರೇನಮ್ಮ?” ಎಂದರು ಅತ್ತೆ. “ಉಣ್ಣದೋರ ಕತೆ ಹೆಂಗ್ ಮುಗಿತೈತೋ ನಂಗೊತ್ತಿಲ್ಲ. ಸಿನಿಮಾದೋರೇ ವಾಸಿ, ಚೆನ್ನಾಗಿ ಊಟ ಹಾಕ್ತಾರೆ. ನಂಗೊಂದ್ಸಲ ಹಾಕಿದ್ರು.”

ಯಾವ ಸಿನಿಮಾದವರು, ಯಾವಾಗ ಎಂದು ಎಲ್ಲರೂ ಕೇಳಿದೆವು. ಅಲ್ಲೇ ಕೂತಿದ್ದ ನನ್ನ ಗಂಡನಿಗೂ ಅದು ಗೊತ್ತಿರಲಿಲ್ಲ.

ಅವನಿನ್ನೂ ಜೋಲಿಯ ಕೂಸಾಗಿದ್ದಾಗ ಅತ್ತೆ ಮಾವ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರಂತೆ. ಒಂದು ದಿನ ಅವರು ಕೆಲಸ ಮಾಡುತ್ತಿದ್ದ, ಅರ್ಧ ಕಟ್ಟಿದ ಬಂಗಲೆಯಲ್ಲೇ ಶೂಟಿಂಗು. ಹಳದಿ ಸೀರೆಯ ನಾಯಕಿ ಅಳುತ್ತಾ ಮೆಟ್ಟಿಲಿಳಿಯಬೇಕು, ಅವಳ ಹಿಂದೆ ಕೂಲಿ ಹೆಂಗಸರು ಗಾರೆ ತುಂಬಿದ ಬಾಂಡ್ಲಿ ಹೊತ್ತು ಹೋಗಬೇಕು. ಕ್ಯಾಮೆರಾ ಕಡೆ ನೋಡಬೇಡಿ, ದಿನಾ ನಡೆಯುವ ಹಾಗೆ ನಡೆಯಿರಿ ಎಂದರಂತೆ. ಇವರು ಹಾಗೆಯೇ ಮತ್ತೆ ಮತ್ತೆ ನಡೆದರು. ಮಧ್ಯಾಹ್ನ ಎಲೆಯಲ್ಲಿ ಬಿಸಿಬೇಳೆಬಾತ್ ಬಂತು. ಅನ್ನಕ್ಕೂ ಸಾರಿಗೂ ನಡುವಿನ ಅಂಥದ್ದನ್ನು ಅತ್ತೆ ಮೊದಲು ಕಂಡದ್ದೇ ಆಗ. ಅದರಲ್ಲಿದ್ದ ಗೋಡಂಬಿಯನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಅರೆದು ಮಗನ ಬಾಯಿಗಿಟ್ಟರಂತೆ. ಸಿನಿಮಾದ ಹೆಸರು ಕೇಳಲಿಲ್ಲ. ಅದು ಟಾಕೀಸಿಗೆ ಬರುವ ಹೊತ್ತಿಗೆ ಇವರು ಊರು ಸೇರಿ ಹೊಲ ಉಳುತ್ತಿದ್ದರು.

ಸೋಮವಾರ ಬಸ್ಸಿನಲ್ಲಿ ಧಾರಾವಾಹಿಯನ್ನು ಯಾರೂ ಕೇಳಲಿಲ್ಲ. ಆ ಸಿನಿಮಾ ಯಾವುದಿರಬಹುದೆಂಬುದೇ ಮಾತು. ನಮ್ಮ ಡ್ರೈವರಿಗೆ ಹಳೆಯ ಸಿನಿಮಾ ಎಂದರೆ ಪ್ರಾಣ. ಮೆಟ್ಟಿಲಿಗೆ ಹಿಡಿದಿಳಿಯುವ ಕಟಾಂಜನ ಇತ್ತೇ, ನಾಯಕಿಯ ಕೈಯಲ್ಲಿ ಪೆಟ್ಟಿಗೆ ಇತ್ತೇ ಎಂದು ನನ್ನ ಮೂಲಕ ಅತ್ತೆಯನ್ನು ಕೇಳಿ ಕೇಳಿ, ಎಷ್ಟೋ ವಾರಗಳ ಮೇಲೆ ಒಂದು ಸಿನಿಮಾ ಹುಡುಕಿ ನನ್ನ ಫೋನಿಗೆ ಹಾಕಿಕೊಟ್ಟ.

ಜಗಲಿಯ ಮೇಲೆ ಕೂತು ಅತ್ತೆಗೆ ತೋರಿಸಿದೆ. ಹಳದಿ ಸೀರೆ ಮೆಟ್ಟಿಲಿಳಿಯಿತು. ಅದರ ಹಿಂದೆ ಬಾಂಡ್ಲಿ ಹೊತ್ತ ಮೂವರು ಹೀಗೆ ಬಂದು ಹಾಗೆ ಹೋದರು. ಅತ್ತೆ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಹಾಕು ಎಂದರು. ಮತ್ತೂ ಒಮ್ಮೆ ಹಾಕಿಸಿದರು.

“ನಾನಿಲ್ಲ ಇದ್ರಾಗೆ,” ಎಂದರು.

ನನಗೆ ಪಿಚ್ಚೆನಿಸಿತು. ಅವರ ಮುಖದಲ್ಲಿ ಮಾತ್ರ ಬೇಸರವಿರಲಿಲ್ಲ. ನಡುವಿನ ಹೆಂಗಸಿನ ಮೇಲೆ ಬೆರಳಿಟ್ಟರು. “ಇವ್ಳು ಅಮರಾಪುರದ ಕಡೆಯೋಳು. ನಮ್ ಪಕ್ಕದ ಶೆಡ್ಡಲ್ಲಿದ್ಲು. ನಂಗೆ ಜ್ವರ ಬಂದು ಎದೆಹಾಲು ನಿಂತಾಗ ನಿನ್ ಗಂಡುಂಗೆ ಹಾಲು ಕುಡಿಸ್ದೋಳು ಇವ್ಳೇ. ಬದುಕವ್ಳೋ ಏನೋ.”

ನಾಯಕಿಯ ಹೆಸರು ಊರಿಗೆಲ್ಲ ಗೊತ್ತು. ಅವಳ ಹಿಂದೆ ಹೋದವಳ ಹೆಸರು ಆ ಸಿನಿಮಾದಲ್ಲಿ ಎಲ್ಲೂ ಇಲ್ಲ. ಆದರೆ ಅವಳ ಹಾಲು ಕುಡಿದವನು ನನ್ನ ಮನೆಯಲ್ಲಿದ್ದ. ಹಿಂದಿನವರ ಚರಿತ್ರೆಯೆಂದರೆ ನನಗೆ ಅಲ್ಲಿಯವರೆಗೆ ಮಡಕಶಿರದ ಬೆಟ್ಟದ ಮೇಲಿನ ಕೋಟೆ, ಅಷ್ಟೆ. ಅವತ್ತಿನಿಂದ ಆ ಮೂವರು ಹೆಂಗಸರೂ ಅದರೊಳಗೆ ಸೇರಿಕೊಂಡರು.

ಅವಳ ಊರಿನ ಹೆಸರು ಅತ್ತೆಗೆ ನೆನಪಿತ್ತು. ಕುರಿ ಸಾಕುವ ಮನೆ ಎಂಬುದೂ ನೆನಪಿತ್ತು. ಬಸ್ಸಿನಲ್ಲಿ ಅಮರಾಪುರದವಳೊಬ್ಬಳಿದ್ದಳು. ಅವಳು ತನ್ನ ತಮ್ಮನ ಮೂಲಕ ವಿಚಾರಿಸಿ, ಒಂದು ಬೆಳಿಗ್ಗೆ ನಾನು ಬಸ್ಸು ಹತ್ತುವ ಮೊದಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಜ್ಜಿ ಇದ್ದಾರೆ, ಗಟ್ಟಿಯಾಗಿದ್ದಾರೆ ಎಂದು ಹೇಳಿದಳು. ಆ ಭಾನುವಾರವೇ ನಾನೂ ಅತ್ತೆಯೂ ಬಸ್ಸು ಹತ್ತಿದೆವು. ಅತ್ತೆ ಹುರಿದ ಕಡ್ಲೆಕಾಯಿ ಬೀಜದ ಉಂಡೆ ಕಟ್ಟಿಕೊಂಡಿದ್ದರು.

ಆ ಅಜ್ಜಿ ಕುರಿ ದೊಡ್ಡಿಯ ಬಾಗಿಲಲ್ಲಿ ಕಸ ಗುಡಿಸುತ್ತಿದ್ದರು. ಬೆನ್ನು ಬಾಗಿತ್ತು. ಅತ್ತೆ ಹತ್ತಿರ ಹೋಗಿ ನಿಂತರು. ಗುರುತು ಹಿಡಿದ ಅಜ್ಜಿ ಪೊರಕೆ ಬಿಟ್ಟು, ಅತ್ತೆಯ ಎರಡೂ ಕೈ ಹಿಡಿದುಕೊಂಡು ಕೇಳಿದ ಮೊದಲ ಮಾತು, “ಕೂಸು ಹೆಂಗೈತೆ?”

ಕೂಸಿಗೆ ತಲೆ ನರೆಯುತ್ತಿದೆ, ಇವಳೇ ಅದರ ಹೆಂಡತಿ ಎಂದು ಅತ್ತೆ ನನ್ನನ್ನು ಮುಂದೆ ತಳ್ಳಿದರು. ಅಜ್ಜಿ ನನ್ನ ಗಲ್ಲ ಮುಟ್ಟಿ ನಕ್ಕರು.

ತಾನು ಸಿನಿಮಾದಲ್ಲಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಫೋನು ತೋರಿಸಿದಾಗ ನಡುವಿನವಳನ್ನು ನೋಡಿ, ಯಾರಿವಳು ಎಂದರು.

“ನೀನೇ ಕಣೆ,” ಎಂದರು ಅತ್ತೆ.

ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದರು. “ಅಷ್ಟು ಭಾರ ಹೊತ್ಕೊಂಡು ಇಷ್ಟು ನೆಟ್ಟಗೆ ನಡೀತಿದ್ನಾ ನಾನು?”

ನಡೆಯುತ್ತಿದ್ದೆ, ನಿನ್ನನ್ನು ನೋಡಿಯೇ ನಾನೂ ಹಾಗೆ ನಡೆಯುವುದನ್ನು ಕಲಿತದ್ದು ಎಂದು ಅತ್ತೆ ಹೇಳಿದರು. ಅಜ್ಜಿ ಮೊಮ್ಮಕ್ಕಳನ್ನೆಲ್ಲ ಕರೆದು ತೋರಿಸಿದರು. ನನ್ನನ್ನು ಒಲೆಯ ಮುಂದೆ ಕೂರಿಸಿ, ತಾವಿಬ್ಬರೂ ಹೊಂಗೆ ಮರದ ಕೆಳಗೆ ಕೂತು, ಊಟಕ್ಕೆ ಕರೆದರೂ ಏಳಲಿಲ್ಲ.

ಸಂಜೆ ಅತ್ತೆಯನ್ನು ಅಲ್ಲೇ ಬಿಟ್ಟು ನಾನೊಬ್ಬಳೇ ವಾಪಸು ಬಂದೆ. ಮೂರನೇ ದಿನ ನನ್ನ ಗಂಡ ತಾಯಿಯನ್ನು ಕರೆತರಲು ಗಾಡಿ ತೆಗೆದುಕೊಂಡು ಹೋದ. ಅಜ್ಜಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆ ಸವರಿ, ಹೊಟ್ಟೆ ತುಂಬ ಉಣಿಸಿದರಂತೆ. ಅತ್ತೆ ಮಾತ್ರ ಎದ್ದು ಬರಲಿಲ್ಲ. ಮಾತಿನ್ನೂ ಮುಗಿದಿಲ್ಲ, ಸಂತೆ ಕಳೆದ ಮೇಲೆ ಬಾ ಎಂದು ಅವನನ್ನು ಹಾಗೆಯೇ ಕಳಿಸಿಬಿಟ್ಟರು.