ಮುಷ್ಟಿಯೊಳಗಿನ ಗಡಿಯಾರ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನಾರು ವರ್ಷಗಳಿಂದ ಇಸ್ತ್ರಿ ಯಂತ್ರ ನಡೆಸುತ್ತಿರುವ ಅಕ್ಕ ಒಂದು ಕಾಲದಲ್ಲಿ ನಾನೂರು ಮೀಟರ್ ಓಡುತ್ತಿದ್ದಳೆಂಬುದು ಅಲ್ಲಿ ಯಾರಿಗೂ ತಿಳಿಯದು. ಅವಳು ಹೇಳಿಕೊಂಡದ್ದು ಕೊನೆಯ ತಂಗಿಗೆ ಮಾತ್ರ. ಸಿನಿಮಾ ಕಾಲೇಜಿನ ಅಂತಿಮ ಪರೀಕ್ಷೆಗೆ ಹತ್ತು ನಿಮಿಷದ ಕಿರುಚಿತ್ರ ಒಪ್ಪಿಸಬೇಕಿದ್ದ ತಂಗಿ ಆ ಕಥೆಯನ್ನೇ ಆರಿಸಿಕೊಂಡಳು.

ಅಕ್ಕನ ಅಂದಿನ ಕೋಚ್ ಓಟದ ಸಮಯವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಸ್ಟಾಪ್‌ವಾಚನ್ನು ಮುಷ್ಟಿಯಲ್ಲಿ ಹಿಡಿದು, ಒಮ್ಮೆ ಇಣುಕಿ, ಒಂದು ಸಂಖ್ಯೆ ಹೇಳುವರು. ಆ ಸಂಖ್ಯೆಯನ್ನು ನಂಬಿ ಹುಡುಗಿಯರು ಊಟ ಬಿಡುವರು, ಅಳುವರು, ಕೋಚ್‌ನ ಬ್ಯಾಗು ಹೊರುವರು. ಹತ್ತೊಂಬತ್ತರ ವಯಸ್ಸಿನಲ್ಲಿ, ತಂಡದ ಆಯ್ಕೆಗೆ ಮುಂಚಿನ ಕೊನೆಯ ಓಟ ಮುಗಿಸಿ ಅಕ್ಕ ಕೇಳಿದ್ದಳು: "ಸರ್, ಒಂದ್ಸಲ ತೋರಿಸಿ."

"ಅರವತ್ತು. ಮನೆಗೆ ಹೋಗು."

ಐವತ್ತೆಂಟು ಸೆಕೆಂಡಿನೊಳಗೆ ಓಡಿದವರಿಗಷ್ಟೇ ಅವಕಾಶ. ಮನೆಗೆ ಹೋದವಳು ಅಂದಿನಿಂದ ತನ್ನ ಕಾಲುಗಳನ್ನೇ ಬೈದುಕೊಂಡಳು.

ಈಗ ಅದೇ ಮೈದಾನದ ಮೇಲ್ವಿಚಾರಕರಾಗಿರುವ ಕೋಚ್, ಚಿತ್ರೀಕರಣಕ್ಕೆ ಅನುಮತಿ ಕೇಳಿ ಬಂದ ಅಕ್ಕತಂಗಿಯರನ್ನು ಕಚೇರಿಯಲ್ಲಿ ಕೂರಿಸಿ ಚಿತ್ರಕಥೆ ಓದಿದರು.

"ಚೆನ್ನಾಗಿದೆ ಮಗಳೇ. ಈ ಗಡಿಯಾರದ ದೃಶ್ಯ ಮಾತ್ರ ತೆಗೆದುಹಾಕು. ಮೈದಾನ ನಿಂದೇ."

"ಅದನ್ನ ತೆಗೆದ್ರೆ ಉಳಿಯೋದೇನು ಸರ್, ಹುಲ್ಲಾ?" ಎಂದಳು ತಂಗಿ.

ಅಕ್ಕ ಅವಳ ಮೊಣಕೈ ಚಿವುಟಿದಳು. ಐದು ದಿನದಲ್ಲಿ ಚಿತ್ರ ಒಪ್ಪಿಸದಿದ್ದರೆ ಹುಡುಗಿಯ ವರ್ಷವೇ ಹಾಳು. "ತೆಗೀತಾಳೆ ಸರ್," ಎಂದು ತಾನೇ ಒಪ್ಪಿದಳು. ಇಷ್ಟು ವರ್ಷಗಳ ಮೇಲೂ ಈ ಮನುಷ್ಯನೆದುರು ತನ್ನ ದನಿ ಕುಗ್ಗುತ್ತದೆಂದು ತಿಳಿದು ಅವಳ ಮೈ ಉರಿಯಿತು.

ಕೋಚ್ ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಗೆದ್ದ ಹುಮ್ಮಸ್ಸಿನಲ್ಲಿ, ತಮ್ಮ ಶಿಸ್ತೂ ಚಿತ್ರದಲ್ಲಿ ಬರಲೆಂದು ಬೀರುವಿನಿಂದ ಹಳೆಯ ನೋಟ್‌ಪುಸ್ತಕಗಳನ್ನು ತೆಗೆದರು. "ಒಂದೇ ಒಂದು ಓಟ ಬರೆಯದೆ ಬಿಟ್ಟಿಲ್ಲ. ಇದನ್ನ ಕ್ಯಾಮೆರಾದಲ್ಲಿ ಹಿಡ್ಕೋ."

ಅಕ್ಕ ಪುಟ ತಿರುವಿದಳು. ಆ ದಿನ ಸಿಕ್ಕಿತು. ಅವಳ ಹೆಸರಿನ ಮುಂದೆ, ದುಂಡಗಿನ ಅಕ್ಷರದಲ್ಲಿ, ಐವತ್ತಾರು ಪಾಯಿಂಟ್ ಎಂಟು.

"ಇದೇನು ಸರ್?"

ಕೋಚ್ ಕನ್ನಡಕ ಏರಿಸಿ ನೋಡಿದರು. ಮುಖದಲ್ಲಿ ನಾಚಿಕೆಯ ಸುಳಿವಿಲ್ಲ. "ಓ, ಅದಾ. ಗಡಿಯಾರ ಕೇಳೋವಷ್ಟು ತಲೆ ತಿರುಗಿತ್ತಲ್ಲಮ್ಮ ನಿಂಗೆ. ಒಂದು ವರ್ಷ ತಣ್ಣಗಾಗಲಿ ಅಂತ ಹಾಗಂದೆ. ನೀನು ವಾಪಸ್ಸೇ ಬರ್ಲಿಲ್ಲ. ತಪ್ಪು ಯಾರ್ದು?"

ಅಕ್ಕ ಪುಸ್ತಕವನ್ನು ಮೇಜಿನ ಮೇಲೆ ಅಗಲವಾಗಿ ಬಿಡಿಸಿ, ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು.

"ಕ್ಯಾಮೆರಾ ತೆಗಿ."

"ಅಕ್ಕಾ, ಮೈದಾನ ಕೊಡಲ್ಲ ಇವರು."

"ಕೊಡೋದೇ ಬೇಡ. ತೆಗಿ."

ಕೋಚ್ ಪುಸ್ತಕಕ್ಕೆ ಕೈಹಾಕಿ ಎಳೆದರು. ದಿನವಿಡೀ ಒದ್ದೆ ಹೊದಿಕೆಗಳ ಮೂಟೆ ಎತ್ತುವ ತೋಳುಗಳು, ಅಲುಗಲಿಲ್ಲ.

"ಈಗಷ್ಟೇ ಹೇಳಿದ್ದನ್ನ ಕ್ಯಾಮೆರಾಕ್ಕೂ ಹೇಳಿ ಸರ್. ಯಾರು ತಣ್ಣಗಾಗಬೇಕಿತ್ತು?"

ಕೋಚ್ ಬಾಗಿಲಾಚೆ ಹೋಗಿ ಕಾವಲುಗಾರನನ್ನು ಕೂಗಿದರು. ಆತ ಬಂದು ಇಬ್ಬರನ್ನೂ ಗೇಟಿನಾಚೆ ಬಿಡುವಷ್ಟರಲ್ಲಿ ಪುಟ ಕ್ಯಾಮೆರಾ ಸೇರಿತ್ತು.

"ಓಡೋ ದೃಶ್ಯ ಎಲ್ಲಿ ತೆಗೆಯೋದೀಗ?" ತಂಗಿ ರಸ್ತೆಯಲ್ಲೇ ಕುಕ್ಕರಿಸಿದಳು.

"ಯಾರೂ ಓಡೋದು ಬೇಡ. ಈ ಗೋಡೆಗೆ ನಿಲ್ಲಿಸು ನನ್ನ. ಮುಖ ಪೂರ್ತಿ ಕಾಣ್ಲಿ. ಮೊದಲು ನನ್ನ ಹೆಸರು ಹೇಳ್ತೀನಿ, ಆಮೇಲೆ ಅವರದು."