ಮೂವತ್ತರಲ್ಲಿ ಹನ್ನೊಂದನೆಯ ಅಧ್ಯಕ್ಷರು

ನಮ್ಮ ಕಟ್ಟಡದ ಮೂರನೇ ಮಹಡಿಯವರು ಹಲ್ಲುಸೆಟ್ಟು ತಯಾರಿಸುತ್ತಾರೆ. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ. ಇವರು ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾರೆ. ನಮಗೆಲ್ಲ ಅವರು ಹಲ್ಲಣ್ಣ.

ಹಲ್ಲಣ್ಣ ಬಲು ಸಾಧು. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ಕ್ಷಮೆ ಕೇಳುವವರು ಇವರೇ. ‘ಇಲ್ಲ’ ಎಂಬ ಮಾತು ಅವರ ಬಾಯಿಗೆ ಬರುವುದೇ ಇಲ್ಲ. ಬಾಗಿಲಿಗೆ ಬಂದ ಮಾರಾಟಗಾರರ ದಯೆಯಿಂದ ಮನೆಯಲ್ಲಿ ಮೂರು ಇಸ್ತ್ರಿಪೆಟ್ಟಿಗೆಗಳಿವೆ. ಇಂಥವರ ಮನೆಯ ಹಾಲ್‌ಗೆ ಮೊದಲ ಸಲ ಹೋದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಒಂದು ಗೋಡೆಯಲ್ಲಿ ಕೋಟು ತೊಟ್ಟು ಮೈಕು ಕಚ್ಚುತ್ತಿರುವ ತೋಳ. ಇನ್ನೊಂದರಲ್ಲಿ ಊರಿಗಿಂತ ದೊಡ್ಡದಾದ ಬೂಟು, ಅದರ ಲೇಸು ಕಟ್ಟುತ್ತಿರುವ ನೂರಾರು ಪುಟ್ಟ ಜನ. ಸೋಫಾದ ಮೇಲುಗಡೆ ನಲವತ್ತು ಲಾಠಿ ಜೋಡಿಸಿ ಮಾಡಿದ ಒಂದು ಹೂವು. ಎಲ್ಲವೂ ಸ್ಕ್ರೀನ್ ಪ್ರಿಂಟ್, ತೆಳು ಪರದೆಯ ಮೂಲಕ ಬಣ್ಣ ಒತ್ತಿ ತೆಗೆದ ಚಿತ್ರಗಳು.

ಶುರುವಾದದ್ದು ಆರು ವರ್ಷದ ಹಿಂದೆ. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಆಕೆಯ ಪಾಳಿ ಮುಗಿಯಲೆಂದು ಕಾಯುತ್ತಿದ್ದ ಹಲ್ಲಣ್ಣ, ಸೆಕೆ ತಾಳಲಾರದೆ ಎದುರಿನ ಚಿತ್ರಪ್ರದರ್ಶನಕ್ಕೆ ನುಗ್ಗಿದರು. ಅಲ್ಲಿ ಮೈಕು ಕಚ್ಚುತ್ತಿದ್ದ ಆ ತೋಳದ ಮುಂದೆ ಹತ್ತು ನಿಮಿಷ ಕದಲದೆ ನಿಂತರು. ಕಲಾವಿದೆ ಸಂತೋಷಪಟ್ಟು ಹತ್ತಿರ ಬಂದಳು.

“ಏನನ್ನಿಸ್ತು ಸಾರ್?”

“ತಪ್ಪು ತಿಳ್ಕೋಬೇಡಿ ಅಮ್ಮ. ಕೋರೆಹಲ್ಲು ಒಂದು ಮನೆ ಹಿಂದಕ್ಕೆ ಹೋಗ್ಬಿಟ್ಟಿದೆ. ಹೀಗಿದ್ರೆ ಇದು ಮೈಕು ಕಚ್ಚೋಕಾಗಲ್ಲ. ಬೇಕಾದ್ರೆ ನೆಕ್ಕಬಹುದು.”

ಆಕೆ ನಕ್ಕು ಸುಸ್ತಾದಳು. ಸರಿಪಡಿಸಲು ಬರುವುದಿಲ್ಲವೇ ಎಂದು ಇವರು ಕೇಳಿದರು. ಬರುವುದಿಲ್ಲ, ಮೂವತ್ತು ಪ್ರತಿ ತೆಗೆದಾಯಿತು, ಚೌಕಟ್ಟಿಗೆ ಬಿಗಿದ ಪರದೆಯನ್ನು ತೊಳೆದೂ ಆಯಿತು, ಇನ್ನು ದೇವರು ಬಂದರೂ ಮೂವತ್ತೊಂದನೆಯದು ಹುಟ್ಟುವುದಿಲ್ಲ ಎಂದಳು. ಕೆಳಗಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ ಸಂಖ್ಯೆ ತೋರಿಸಿದಳು. ಆ ಮಾತು ಹಲ್ಲಣ್ಣನಿಗೆ ನಾಟಿತು. ಅವರು ಮಾಡಿದ ಯಾವ ಸೆಟ್ಟೂ ನಾಲ್ಕು ಸಲ ವಾಪಸು ಬರದೆ ಇರುತ್ತಿರಲಿಲ್ಲ. ಇಲ್ಲಿ ಒತ್ತುತ್ತದೆ, ಅಲ್ಲಿ ಸಡಿಲ, ನಕ್ಕರೆ ನಮ್ಮತ್ತೆ ಥರ ಕಾಣುತ್ತೇನೆ. ಮುಗಿಯಿತು ಎಂದರೆ ಮುಗಿಯುವ ಕೆಲಸವೊಂದು ಲೋಕದಲ್ಲಿದೆ ಎಂದು ಅವರಿಗೆ ಅಂದೇ ತಿಳಿದದ್ದು. ತೋಳವನ್ನು ಕೊಂಡು ಕಂಕುಳಲ್ಲಿ ಇಟ್ಟುಕೊಂಡೇ ಹೆಂಡತಿಯನ್ನು ಕರೆತರಲು ಹೋದರು.

“ರೀ, ದಿನಾ ಎಂಟು ಗಂಟೆ ರಕ್ತ ನೋಡ್ತೀನಿ. ಮನೆಗೆ ಬಂದ್ರೆ ಇದಾ?” ಎಂದಳು ಆಕೆ.

“ಇದರಲ್ಲಿ ರಕ್ತ ಇಲ್ವಲ್ಲೇ.”

“ತೋಳಕ್ಕೆ ಹಸಿವಿದೆಯಲ್ಲ, ಬರುತ್ತೆ ಬಿಡಿ.”

ಆಮೇಲೆ ಆ ಕಲಾವಿದೆ ಹೊಸ ಚಿತ್ರ ಮಾಡಿದಾಗಲೆಲ್ಲ ಒಂದು ಪ್ರತಿ ಮೂರನೇ ಮಹಡಿ ಹತ್ತಿತು. ಕಳೆದ ವರ್ಷ ಬಂದದ್ದು ಕುರ್ಚಿಯ ಚಿತ್ರ. ಪೊದೆಮೀಸೆಯ, ಸೊಂಟದಲ್ಲಿ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡ ದಪ್ಪ ಮನುಷ್ಯನೊಬ್ಬ ಕುರ್ಚಿಯಲ್ಲಿ ಕೂತಿದ್ದಾನೆ. ಕುರ್ಚಿಯ ನಾಲ್ಕು ಕಾಲುಗಳೂ ಬಾಗಿದ ನಾಲ್ಕು ಮನುಷ್ಯರು. ಮೂವತ್ತರಲ್ಲಿ ಹನ್ನೊಂದನೆಯದು.

ಪೊದೆಮೀಸೆ, ಗೊಂಚಲು, ಹೊಟ್ಟೆ ಮೂರೂ ಇರುವವರು ನಮ್ಮ ಕಟ್ಟಡದಲ್ಲಿ ಒಬ್ಬರಿದ್ದರು. ನಿವಾಸಿಗಳ ಸಂಘದ ಅಧ್ಯಕ್ಷರು. ಕಲಾವಿದೆ ಅವರನ್ನು ಕಂಡವಳೇ ಅಲ್ಲ. ಆದರೆ ಹಲ್ಲಣ್ಣನ ಗೋಡೆಯಲ್ಲಿ ನೀರು ಜಿನುಗುತ್ತಿದೆ ಎಂದು ಪರೀಕ್ಷಿಸಲು ಅಧ್ಯಕ್ಷರು ಒಂದು ಬೆಳಿಗ್ಗೆ ಬಂದೇಬಿಟ್ಟರು. ಸಾಕ್ಷಿಗೆಂದು ನನ್ನನ್ನೂ ಎಳೆದು ತಂದಿದ್ದರು. ಗೋಡೆ ನೋಡಲು ಹೋದವರು ಚಿತ್ರದ ಮುಂದೆ ನಿಂತರು. ಹಲ್ಲಣ್ಣನ ಮುಖ ಅವರ ಮೇಜಿನ ಮೇಲಿನ ಗಚ್ಚಿನ ಅಚ್ಚಿನಷ್ಟೇ ಬಿಳುಚಿಕೊಂಡಿತು.

“ಇದು ನಾನಲ್ವಾ?” ಎಂದರು ಅಧ್ಯಕ್ಷರು.

ಅವರು ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು.

“ಮೀಸೆ ಚೆನ್ನಾಗಿ ಬಂದಿದೆ,” ಎಂದು ಅವರು ಇನ್ನಷ್ಟು ಬಾಗಿದರು. “ಕೆಳಗಿರೋದು ಕಾರ್ಯಕಾರಿ ಸಮಿತಿ. ಇವನು ಖಜಾಂಚಿ, ನೋಡಿ, ಸರಿಯಾಗಿ ಭಾರ ಹೊರ್ತಾನೇ ಇಲ್ಲ. ಆರು ವರ್ಷದಿಂದ ದುಡೀತಿದೀನಿ, ಒಬ್ಬರಾದ್ರೂ ಗುರುತಿಸಿದ್ರಲ್ಲ. ಇದು ಆಫೀಸಿನಲ್ಲಿರಬೇಕು. ಇಳಿಸಿ.”

ಹಲ್ಲಣ್ಣ ಚಿತ್ರ ನೋಡಿದರು, ಅಧ್ಯಕ್ಷರನ್ನು ನೋಡಿದರು. “ಕೊಡಲ್ಲ,” ಎಂದರು.

ಹೇಳಿದ್ದು ಯಾರು ಎಂದು ಅವರೇ ಹಿಂದಕ್ಕೆ ತಿರುಗಿ ನೋಡಿದಂತೆ ನನಗನ್ನಿಸಿತು. ಅಡಿಗೆಮನೆಯಿಂದ ಬಂದ ಹೆಂಡತಿ ಗಂಡನ ಪಕ್ಕದಲ್ಲಿ ನಿಂತಳು. “ಕೊಡಲ್ಲ ಅಂದ್ರಲ್ಲ ಸಾರ್. ಕಾಫಿ ಕುಡೀತೀರಾ?”

ಅಧ್ಯಕ್ಷರು ಕಾಫಿ ಕುಡಿಯದೆ ಹೋದರು. ಮೂರನೇ ದಿನ ಲಿಫ್ಟಿನಲ್ಲಿ ನೋಟೀಸು: ಕಟ್ಟಡದ ಭದ್ರತೆಯ ದೃಷ್ಟಿಯಿಂದ ಯಾವ ಗೋಡೆಗೂ ಮೊಳೆ ಇರತಕ್ಕದ್ದಲ್ಲ.

ಹಲ್ಲಣ್ಣ ಕಾನೂನಿಗೆ ತಲೆಬಾಗುವವರು. ಮೊಳೆಯೆಲ್ಲ ಕಿತ್ತರು. ಚಿತ್ರಗಳನ್ನು ನೆಲಕ್ಕಿಟ್ಟರೆ ತೇವ, ಹಾಗಾಗಿ ಕುರ್ಚಿಗಳ ಮೇಲೆ ಕೂರಿಸಿದರು. ತಿಂಗಳುಗಟ್ಟಲೆ ತೋಳ, ಬೂಟು, ಲಾಠಿಗಳು ಆರಾಮಾಗಿ ಕೂತಿದ್ದವು. ಗಂಡ ಹೆಂಡತಿ ನಿಂತು ಊಟ ಮಾಡಿದರು. ಚಿತ್ರ ಕಂಡರಾಗದ ಆಕೆ ಒಂದು ದಿನವೂ ಗೊಣಗಲಿಲ್ಲ. “ಇವರು ಒಂದ್ಸಲ ಆದ್ರೂ ಇಲ್ಲ ಅಂದಿದ್ದಾರೆ. ನಾನು ಎಷ್ಟು ದಿನ ಬೇಕಾದ್ರೂ ನಿಲ್ತೀನಿ,” ಎಂದಳು ನನ್ನ ಹೆಂಡತಿಯ ಹತ್ತಿರ.

ಕೊನೆಗೆ ಹಲ್ಲಣ್ಣನಿಗೇ ಪಾಪ ಅನ್ನಿಸಿ ಅಧ್ಯಕ್ಷರಿಗೆ ಕಲಾವಿದೆಯ ವಿಳಾಸ ಬರೆದುಕೊಟ್ಟರು. ಅಧ್ಯಕ್ಷರು ಹೋಗಿ ಮೂವತ್ತೊಂದನೆಯ ಪ್ರತಿ ಕೇಳಿದರು. ತಾನು ಅಧ್ಯಕ್ಷನೆಂದರು. ಆಕೆ ತೊಳೆದ ಪರದೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು. ಅದರ ಮೂಲಕ ಎದುರಿನ ಗೋಡೆ ಮಾತ್ರ ಕಂಡಿತು. ಅಧ್ಯಕ್ಷರ ಮುಖ ಬಾಡಿದ್ದನ್ನು ನೋಡಲಾರದೆ, ನೀವು ದಿನಾ ಏನು ಮಾಡುತ್ತೀರಿ ಎಂದು ಕೇಳಿದಳಂತೆ. ಬೆಳಗಿನ ಐದಕ್ಕೆ ತಾರಸಿ ಹತ್ತಿ ನೀರಿನ ಟ್ಯಾಂಕು ಇಣುಕುವುದರಿಂದ ಹಿಡಿದು ಎಲ್ಲವನ್ನೂ ಎರಡು ಗಂಟೆ ಹೇಳಿದರಂತೆ.

ತಿಂಗಳ ನಂತರ ಹೊಸ ಚಿತ್ರ ಬಂತು. ಒಬ್ಬ ದಪ್ಪ ಮನುಷ್ಯ ಏಣಿಯ ತುದಿಯಲ್ಲಿ, ಟ್ಯಾಂಕಿನೊಳಗೆ ತಲೆ ತೂರಿಸಿ ನಿಂತಿದ್ದಾನೆ. ನಮಗೆ ಕಾಣುವುದು ಬರಿಯ ಹಿಂಭಾಗ ಮತ್ತು ಗೊಂಚಲು. ಎಂಟೇ ಪ್ರತಿ, ಮೊದಲನೆಯದನ್ನು ಅಧ್ಯಕ್ಷರೇ ಕೊಂಡರು.

“ಮುಖ ಇಲ್ಲ,” ಎಂದರು ಅಧ್ಯಕ್ಷರು ಹಲ್ಲಣ್ಣನ ಬಳಿ. “ಏಣಿ ಹಿಡ್ಕೊಂಡೋರೂ ಯಾರೂ ಇಲ್ಲ.”

“ಯಾವತ್ತಾದ್ರೂ ಯಾರಾದ್ರೂ ಹಿಡ್ಕೊಂಡಿದ್ರಾ?”

ಅಧ್ಯಕ್ಷರು ಯೋಚಿಸಿದರು. “ಇಲ್ಲ,” ಎಂದರು.

ಅದನ್ನು ಆಫೀಸಿನಲ್ಲಿ ತೂಗುಹಾಕಲು ಮೊಳೆ ಬೇಕಲ್ಲ. ನೋಟೀಸು ಹರಿದ ಶಬ್ದ ಲಿಫ್ಟಿನ ಹೊರಗಿದ್ದ ನನಗೂ ಕೇಳಿಸಿತು. ಹಲ್ಲಣ್ಣನ ಕುರ್ಚಿಗಳೂ ಖಾಲಿಯಾದವು, ಗೋಡೆಯ ತೇವವೂ ಅದೇ ವಾರ ರಿಪೇರಿಯಾಯಿತು. ಎರಡನೇ ಪ್ರತಿಯನ್ನು ಹಲ್ಲಣ್ಣ ಕೊಳ್ಳಲಿಲ್ಲ. ಅದರಲ್ಲಿ ಯಾರೂ ಯಾರನ್ನೂ ತುಳಿಯುತ್ತಿಲ್ಲ, ನನ್ನ ಸಂಗ್ರಹಕ್ಕೆ ಹೊಂದುವುದಿಲ್ಲ ಎಂದರು. ಕೊಂಡದ್ದು ಅವರ ಹೆಂಡತಿ. ಅದು ಅಡಿಗೆಮನೆಯಲ್ಲಿದೆ.

ಈಗ ಭಾನುವಾರಗಳಲ್ಲಿ ಹಲ್ಲಣ್ಣ, ಅಧ್ಯಕ್ಷರು ಇಬ್ಬರೂ ಆ ಕಲಾವಿದೆಯ ಬಳಿಗೆ ಒಟ್ಟಿಗೆ ಹೋಗುತ್ತಾರೆ. ಬರುವಾಗ ಬಸ್ಸಿನಲ್ಲಿ ಚಿತ್ರದ ಸುರುಳಿಯನ್ನು ಅಧ್ಯಕ್ಷರೇ ನೆಟ್ಟಗೆ ಎತ್ತಿ ಹಿಡಿದು, ಪಕ್ಕಕ್ಕೆ ಸರೀರಿ, ಪಕ್ಕಕ್ಕೆ ಸರೀರಿ ಎಂದು ದಾರಿ ಮಾಡಿಸುತ್ತಾರೆ. ಹಿಂದೆಯೇ ಹಲ್ಲಣ್ಣ ಪ್ರತಿಯೊಬ್ಬರಿಗೂ ಕ್ಷಮೆ ಕೇಳುತ್ತ ಬರುತ್ತಾರೆ.